ಟೇಪು ಹಿಡಿದು ಅಳೆದ ಕನ್ನಡ

ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಕನ್ನಡದಲ್ಲಿರುವ ಹೆಸರು ‘ಬೆಂಗಳೂರು ದಂಡು’. ಇಂಗ್ಲಿಷಿನಲ್ಲಿ ಹತ್ತು ಅಕ್ಷರ ಬೇಡುವ ಮಾತು ಕನ್ನಡದಲ್ಲಿ ಎರಡಕ್ಕೇ ಮುಗಿಯುತ್ತದೆ. 1809ರಲ್ಲಿ ಬ್ರಿಟಿಷರ ಪಡೆ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಆಸುಪಾಸಿನಲ್ಲಿ ಬೀಡುಬಿಟ್ಟಿತು. ಪೇಟೆಯ ಮಂದಿ ಅದನ್ನು ‘ದಂಡು’ ಎಂದು ಕರೆದರು. ಹಲಗೆಯ ಮೇಲಿರುವುದು ಆ ಬಾಯಿಮಾತೇ. ಯಾರೋ ಅನುವಾದಕರು ಕೂತು ‘ಸೇನಾ ಶಿಬಿರ’ ಎಂದೇನಾದರೂ ಬರೆದುಬಿಟ್ಟಿದ್ದರೆ ಹಲಗೆ ಉದ್ದವಾಗುತ್ತಿತ್ತು, ಹೆಸರು ಸಾಯುತ್ತಿತ್ತು.

ನಿಲ್ದಾಣದಿಂದ ಶಿವಾಜಿನಗರದ ಕಡೆಗೆ ನಡೆದರೆ ಬೋರ್ಡುಗಳ ಕಾಡು ಶುರು. ಬಟ್ಟೆ, ಬುರ್ಖಾ, ಅತ್ತರು, ಆಟೋ ಬಿಡಿಭಾಗ, ಕಬಾಬು, ಕನ್ನಡಕ, ಮದುವೆ ಕಾರ್ಡು. ಪ್ರತಿ ಅಂಗಡಿಗೂ ಒಂದು ಹಣೆ, ಹಣೆಯ ಮೇಲೆ ಒಂದು ಹೆಸರು. ಅದನ್ನು ಹೇಗೆ ಬರೆಸಬೇಕು, ಯಾವ ಭಾಷೆಯನ್ನು ಎಲ್ಲಿ ಕೂರಿಸಬೇಕು, ದೇವರ ಪಟ ಎಡಕ್ಕೋ ನಡುವಿಗೋ, ಮಾಲೀಕರ ಹೆಸರು ಇರಬೇಕೋ ಬೇಡವೋ, ‘ಬ್ರಾಂಚ್ ಇಲ್ಲ’ ಎಂಬ ಎಚ್ಚರಿಕೆ ಎಷ್ಟು ದೊಡ್ಡದಾಗಿರಬೇಕು: ಇವೆಲ್ಲ ಅಂಗಡಿಯವನೊಬ್ಬ ತನ್ನ ಬದುಕಿನಲ್ಲಿ ಒಂದೋ ಎರಡೋ ಸಲ ಕೂತು ತೀರ್ಮಾನಿಸುವ ವಿಚಾರಗಳು. ಊರಿನ ಎದುರು ತನ್ನನ್ನು ತಾನು ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಸಾಮಾನ್ಯ ಮನುಷ್ಯ ತಾನೇ ವಿನ್ಯಾಸ ಮಾಡುವ ಜಾಗ ಬೇರೆ ಎಷ್ಟಿವೆ? ಮದುವೆ ಕಾರ್ಡು ಒಂದು, ಬೋರ್ಡು ಇನ್ನೊಂದು. ಕಾರ್ಡನ್ನು ತಿಂಗಳೊಪ್ಪತ್ತಿನಲ್ಲಿ ಎಸೆಯುತ್ತಾರೆ, ಬೋರ್ಡು ಮೂವತ್ತು ವರ್ಷ ನಿಲ್ಲುತ್ತದೆ.

ನಿಲ್ಲುತ್ತಿತ್ತು ಎನ್ನಬೇಕು.

2023ರ ಡಿಸೆಂಬರ್ 27ರಂದು ಕರ್ನಾಟಕ ರಕ್ಷಣಾ ವೇದಿಕೆಯ ಕಾರ್ಯಕರ್ತರು ಬೆಂಗಳೂರಿನಲ್ಲಿ ಇಂಗ್ಲಿಷ್ ಬೋರ್ಡುಗಳನ್ನು ಕಿತ್ತರು, ಮಸಿ ಬಳಿದರು. ಸಂಘಟನೆಯ ಅಧ್ಯಕ್ಷ ಟಿ.ಎ. ನಾರಾಯಣಗೌಡರ ಬಂಧನವೂ ಆಯಿತು. ಮುಂದಿನ ಫೆಬ್ರವರಿಯಲ್ಲಿ ವಿಧಾನಮಂಡಲ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದಿತು: ನಾಮಫಲಕದ ಶೇ. 60ರಷ್ಟು ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಮಹಾನಗರ ಪಾಲಿಕೆ ಫೆಬ್ರವರಿ 28ರ ಗಡುವು ಕೊಟ್ಟಿತು. ಆ ಕೆಲವು ವಾರ ಊರಿನ ಫ್ಲೆಕ್ಸ್ ಅಂಗಡಿಗಳಿಗೆ ಸುಗ್ಗಿಯೋ ಸುಗ್ಗಿ.

ಕಾಯ್ದೆ ಬೇಕಿತ್ತೇ? ಬೇಕಿತ್ತು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಕನ್ನಡವನ್ನು ಭೂತಗನ್ನಡಿ ಹಿಡಿದು ಹುಡುಕಬೇಕಿದ್ದ ಕಾಲವನ್ನು ಕಂಡವರು ಇದಕ್ಕೆ ಬೇರೆ ಉತ್ತರ ಕೊಡಲಾರರು. ಒತ್ತಾಯವಿಲ್ಲದೆ ಅಲ್ಲಿ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಕಾಯ್ದೆ ‘ಎಷ್ಟು’ ಎಂದು ಹೇಳಿ ಕೈತೊಳೆದುಕೊಂಡಿತು. ‘ಹೇಗೆ’ ಎಂಬುದನ್ನು ಯಾರೂ ಎತ್ತಲಿಲ್ಲ. ಹೀಗಾಗಿ ದಂಡಿನಿಂದ ಕೆ.ಆರ್. ಪುರದವರೆಗೆ ಇವತ್ತು ಕಾಣುವ ಬಹುಪಾಲು ಕನ್ನಡ ದಂಡ ತಪ್ಪಿಸಿಕೊಳ್ಳಲು ಬರೆಸಿದ ಕನ್ನಡ. ಅಕ್ಷರವಿದೆ, ಕೈಬರಹವಿಲ್ಲ.

ಅಳತೆಯ ಮಾತನ್ನೇ ಮೊದಲು ನೋಡಬಹುದು. ಮೂರಡಿ ಎತ್ತರ, ಹತ್ತಡಿ ಅಗಲದ ಬೋರ್ಡು. ಒಟ್ಟು ಮೂವತ್ತು ಚದರಡಿ, ಅದರಲ್ಲಿ ಕನ್ನಡದ ಪಾಲು ಹದಿನೆಂಟು. ಅಂದರೆ ಎತ್ತರದಲ್ಲಿ ಕನ್ನಡಕ್ಕೆ ಸುಮಾರು ಇಪ್ಪತ್ತೊಂದೂವರೆ ಇಂಚು, ಇಂಗ್ಲಿಷಿಗೆ ಹದಿನಾಲ್ಕು ಚಿಲ್ಲರೆ. ಲೆಕ್ಕಕ್ಕೆ ಕನ್ನಡ ಗೆದ್ದಂತೆಯೇ. ಈಗ ಅಲ್ಲಿ ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಸ್ಟೋರ್ಸ್’ ಎಂದು ಬರೆಯಬೇಕು. ಕಕಾರದ ಕೆಳಗೆ ಷಕಾರದ ಒತ್ತು, ಅದಕ್ಕಂಟಿ ಮಕಾರದ ಒತ್ತು, ನೆತ್ತಿಯ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ‘ಸ್ಟೋ’ದಲ್ಲಿ ಇನ್ನೊಂದು ಒತ್ತು, ‘ರ್ಸ್’ನಲ್ಲಿ ಅರ್ಕಾವೊತ್ತು. ಅಂಚಿಗೆ ಎರಡು ಮೂರು ಇಂಚು ಬಿಟ್ಟು, ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಜಾಗ ಕೊಟ್ಟ ಮೇಲೆ ಮೂಲ ಅಕ್ಷರಕ್ಕೆ ಉಳಿಯುವುದು ಹತ್ತಿಂಚಿನ ಆಸುಪಾಸು. ಇಂಗ್ಲಿಷ್ ದೊಡ್ಡಕ್ಷರಗಳಿಗೆ ಮೇಲೂ ಏನಿಲ್ಲ, ಕೆಳಗೂ ಏನಿಲ್ಲ. ಇಟ್ಟಿಗೆ ಜೋಡಿಸಿದಂತೆ ಹನ್ನೆರಡು ಇಂಚು ತುಂಬಿ ನಿಲ್ಲುತ್ತವೆ. ಶೇ. 60 ಪಡೆದ ಕನ್ನಡ ಶೇ. 40 ಪಡೆದ ಇಂಗ್ಲಿಷಿಗಿಂತ ಚಿಕ್ಕದಾಗಿ ಕಾಣುತ್ತದೆ! ರಸ್ತೆಯಾಚೆಯಿಂದ ನೋಡಿದವನಿಗೆ ಮೊದಲು ಓದಿಸಿಕೊಳ್ಳುವುದು ಇಂಗ್ಲಿಷೇ.

ಇದು ಕನ್ನಡದ ದೋಷವಲ್ಲ. ಕನ್ನಡ ಎರಡಂತಸ್ತಿನ ಲಿಪಿ, ಅದಕ್ಕೆ ಕೆಳಮನೆ ಬೇಕು. ಇಂಗ್ಲಿಷ್ ಲೋಗೋಕ್ಕೆ ಮಾಡಿದ ಚೌಕಟ್ಟಿನಲ್ಲಿ ಕನ್ನಡವನ್ನು ಆಮೇಲೆ ತುರುಕಿದರೆ ಒತ್ತಕ್ಷರಗಳು ಗೋಡೆಗೆ ತಲೆ ಬಡಿದುಕೊಳ್ಳುತ್ತವೆ. ಅಕ್ಷರವನ್ನು ಮೇಲಿನಿಂದ ಹಿಸುಕಿ ಅಡ್ಡಕ್ಕೆ ಎಳೆದರೆ ಅಳತೆ ಸರಿಹೋಗುತ್ತದೆ, ಮುಖ ವಿಕಾರವಾಗುತ್ತದೆ. ನೂರಡಿ ರಸ್ತೆಯಲ್ಲಿ ಇಂಥ ಚಪ್ಪಟೆ ಕನ್ನಡಕ್ಕೆ ಬರವಿಲ್ಲ. ಪಕ್ಕದ ಇಂಗ್ಲಿಷ್ ಮಾತ್ರ ವಿನ್ಯಾಸಗಾರರು ತಿಂಗಳುಗಟ್ಟಲೆ ತಿದ್ದಿ ತೀಡಿದ ಅಕ್ಷರ. ಕನ್ನಡ? ಕಂಪ್ಯೂಟರಿನಲ್ಲಿ ಮೊದಲು ಕೈಗೆ ಸಿಕ್ಕಿದ್ದು. ಒಂದೇ ಬೋರ್ಡಿನಲ್ಲಿ ಒಂದು ಭಾಷೆ ಸೂಟು ತೊಟ್ಟು ನಿಂತಿದೆ, ಇನ್ನೊಂದು ಬಾಡಿಗೆ ಬಟ್ಟೆಯಲ್ಲಿದೆ.

ಕಂಪ್ಯೂಟರಿನ ಕಥೆ ಇದಕ್ಕಿಂತ ದಾರುಣ. ಫ್ಲೆಕ್ಸ್ ಅಂಗಡಿಗಳಲ್ಲಿ ಕೋರೆಲ್‌ಡ್ರಾ ತೆರೆದು ನುಡಿಯಲ್ಲೋ ಬರಹದಲ್ಲೋ ಟೈಪಿಸುವುದು ರೂಢಿ. ಶೇಷಾದ್ರಿ ವಾಸು 1998ರಲ್ಲಿ ಕೊಟ್ಟ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎರಡೂ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಗಿರಾಕಿ ವಾಟ್ಸ್ಆ್ಯಪಿನಲ್ಲಿ ಹೆಸರು ಕಳಿಸುವುದು ಯೂನಿಕೋಡಿನಲ್ಲಿ. ಅದನ್ನು ಈ ಹಳೆಯ ಫಾಂಟಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತು ಉದುರುತ್ತದೆ. ಪರಿವರ್ತಿಸದೆ ನೇರವಾಗಿ ಅಂಟಿಸಿದರೋ, ಭಾರತೀಯ ಲಿಪಿಗಳ ಜೋಡಣೆ ತಿಳಿಯದ ತಂತ್ರಾಂಶ ಒತ್ತನ್ನು ಒಡೆದು ಪಕ್ಕಪಕ್ಕ ನಿಲ್ಲಿಸುತ್ತದೆ. ‘ಸ್ಟೋರ್ಸ್’ ಹೋಗಿ ‘ಸ್‌ಟೋರ್‌ಸ್’ ಬರುತ್ತದೆ. ಟೈಪು ಮಾಡುವ ಹುಡುಗನಿಗೆ ಕನ್ನಡ ಬಾರದಿದ್ದರೆ ಅದು ಹಾಗೇ ಮುದ್ರಣಕ್ಕೆ, ಅಲ್ಲಿಂದ ಏಣಿಗೆ, ಏಣಿಯಿಂದ ಅಂಗಡಿಯ ಹಣೆಗೆ. ಅಧಿಕಾರಿ ಬಂದು ಅಳೆದರೆ? ಶೇ. 60 ಇದೆ. ಸರಿ.

ಊರಿನ ಹೆಸರುಗಳೂ ಈ ದಾರಿಯಲ್ಲೇ ಹಾಳಾಗುತ್ತವೆ. ಹಲಸಿನ ತೋಪಿನಿಂದ ಬಂದ ಹೆಸರು ಹಲಸೂರು ಎಂಬುದು ಎಲ್ಲರೂ ಹೇಳುವ ಮಾತು. ಬ್ರಿಟಿಷರ ಬಾಯಲ್ಲಿ ಅದು ‘ಅಲ್ಸೂರ್’ ಆಯಿತು. ಮೆಟ್ರೊ ನಿಲ್ದಾಣಕ್ಕೆ ‘ಹಲಸೂರು’ ಎಂದೇ ಹೆಸರಿಟ್ಟಿದ್ದಾರೆ, ಅದಕ್ಕೆ ಭೇಷ್ ಎನ್ನಬೇಕು. ಆದರೆ ಅದರ ಸುತ್ತಲ ಅಂಗಡಿಗಳಲ್ಲಿ ‘ಅಲ್ಸೂರ್’, ‘ಉಲ್ಸೂರ್’, ‘ಅಲಸೂರು’ ಮೂರೂ ಸಿಗುತ್ತವೆ. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಹಲಸನ್ನು ಅಲ್ಲೇ ಬಿಟ್ಟು, ಬೋಳಾಗಿ ಕನ್ನಡಕ್ಕೆ ವಾಪಸು ಬಂದಿದೆ.

ಬೋರ್ಡು ಬರೆಯುವವರ ಕಾಲದಲ್ಲಿ ಹೀಗಿರಲಿಲ್ಲ ಎನ್ನುವುದು ಬರೀ ಹಳೆಯದರ ಹಂಬಲವಲ್ಲ. ಕೆಲಸದ ರೀತಿಯೇ ಬೇರೆಯಿತ್ತು. ಪೇಂಟರ್ ಅಂಗಡಿಗೆ ಬರುತ್ತಿದ್ದ, ರಸ್ತೆಯಾಚೆ ಹೋಗಿ ನಿಂತು ನೋಡುತ್ತಿದ್ದ. ಯಾವ ಕಡೆಯಿಂದ ಜನ ಬರುತ್ತಾರೆ, ಮರದ ಕೊಂಬೆ ಎಲ್ಲಿ ಅಡ್ಡ ಬರುತ್ತದೆ, ಬೆಳಗಿನ ಬಿಸಿಲು ಎತ್ತಲಿಂದ ಬೀಳುತ್ತದೆ, ಎಲ್ಲ ಲೆಕ್ಕ. ತಗಡಿಗೆ ಎರಡು ಕೋಟು ಎನಾಮೆಲ್ ಬಳಿದು, ಸುಣ್ಣ ಸವರಿದ ದಾರವನ್ನು ಆ ತುದಿ ಈ ತುದಿ ಎಳೆದು ‘ಟಪ್’ ಎಂದು ಬಿಟ್ಟರೆ ನೇರ ಗೆರೆ. ಮೇಲೊಂದು, ಕೆಳಗೊಂದು, ಒತ್ತಿಗೆಂದು ಮತ್ತೊಂದು. ಆ ಮೂರನೆಯ ಗೆರೆಯಲ್ಲೇ ಇದೆ ಇಡೀ ವಿಷಯ. ಕನ್ನಡ ಬರೆಯುವ ಪೇಂಟರ್‌ಗೆ ಒತ್ತಿನ ಜಾಗ ಮೊದಲ ದಿನದಿಂದಲೇ ಗೊತ್ತಿತ್ತು. ಸೀಮೆಸುಣ್ಣದಲ್ಲಿ ಅಕ್ಷರ ಗೀಚಿ, ಸಾಲು ಉದ್ದವಾದರೆ ಎರಡು ಅಕ್ಷರ ತೆಳ್ಳಗೆ ಮಾಡಿ, ಒತ್ತು ಪಕ್ಕದ ಒತ್ತಿಗೆ ಡಿಕ್ಕಿ ಹೊಡೆದರೆ ಒಂದನ್ನು ಚೂರು ಓರೆ ಮಾಡಿ, ತಲೆಕಟ್ಟನ್ನು ಪಕ್ಕದ ಅಕ್ಷರದ ಹೆಗಲ ಮೇಲೆ ಹಾಯಿಸಿ ಹೊಂದಿಸುತ್ತಿದ್ದ. ಕೊನೆಗೆ ಶೇಡು. ಆಮೇಲೆ ಮೂಲೆಯಲ್ಲಿ ಸಣ್ಣದಾಗಿ ತನ್ನ ಹೆಸರು, ಅದರ ಮುಂದೆ ‘ಆರ್ಟ್ಸ್’. ಫ್ಲೆಕ್ಸಿನ ಮೂಲೆಯಲ್ಲಿ ಹೀಗೆ ಯಾರೂ ಸಹಿ ಹಾಕುವುದಿಲ್ಲ.

ದಂಡಿನ ಪೇಂಟರ್‌ಗಳ ಕಸಬು ಇನ್ನೂ ಒಂದು ಕೈ ಮೇಲು. ಪೇಟೆಯ ಕಡೆ ಎರಡು ಭಾಷೆ ಬರೆದರೆ ಸಾಕು, ದಂಡಿನಲ್ಲಿ ಸಾಲದು. 1947ರವರೆಗೆ ದಂಡು ಮೈಸೂರಿನ ಆಡಳಿತದಲ್ಲೇ ಇರಲಿಲ್ಲ, ಅದು ಬ್ರಿಟಿಷರ ಕೈಯಲ್ಲಿದ್ದ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ಪೇಟೆಯ, ದಂಡಿನ ಎರಡು ಪುರಸಭೆಗಳು ಸೇರಿ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಮದ್ರಾಸ್ ಪ್ರಾಂತ್ಯದಿಂದ ಪಡೆಯ ಹಿಂದೆ ಬಂದ ತಮಿಳರು, ದಖನಿ ಉರ್ದುವಿನ ವ್ಯಾಪಾರಿಗಳು, ತೆಲುಗರು, ಆಂಗ್ಲೋ ಇಂಡಿಯನ್ನರು, ಮಾರವಾಡಿಗಳು, ಎಲ್ಲರ ಅಂಗಡಿಗಳೂ ಅಕ್ಕಪಕ್ಕ. ಶಿವಾಜಿನಗರದ ಒಂದೇ ತಗಡಿನ ಮೇಲೆ ಎಡದಿಂದ ಕನ್ನಡ, ಬಲದಿಂದ ಉರ್ದು ಹೊರಟು ನಡುವೆ ಭೇಟಿಯಾಗಬೇಕು. ಕನ್ನಡ ಕೆಳಕ್ಕೆ ಬೇರು ಬಿಡುವ ಲಿಪಿ, ನಸ್ತಾಲಿಖ್ ಮೇಲಿನಿಂದ ಜಾರುವ ಲಿಪಿ, ತಮಿಳಿನಲ್ಲಿ ಒತ್ತೇ ಇಲ್ಲ. ಈ ಮೂರನ್ನೂ ಒಂದೇ ಹಲಗೆಯಲ್ಲಿ ಜಗಳವಿಲ್ಲದೆ ಕೂರಿಸುವುದು ಯಾವ ವಿನ್ಯಾಸ ಶಾಲೆಯ ಪರೀಕ್ಷೆಗೂ ಕಡಿಮೆಯದಲ್ಲ. ಟಿ.ಬಿ. ರಸೆಲ್ ಎಂಬ ಮುನಿಸಿಪಲ್ ಕಮಿಷನರ ಹೆಸರು ಹೊತ್ತು 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಸುತ್ತಲ ಗಲ್ಲಿಗಳಲ್ಲಿ ಅಂಥ ತಗಡುಗಳು ಒಂದೆರಡು ಇನ್ನೂ ಉಳಿದಿವೆ. ಆರೋ ಏಳೋ ಅಂಕಿಯ ಫೋನ್ ನಂಬರ್ ಇದ್ದರೆ ಹಳೆಯದು ಎಂದು ಗುರುತು.

ಇಲ್ಲಿ ತಮಿಳು ಬೋರ್ಡು ಕಂಡರೆ ಕೆಲವರಿಗೆ ಮೈ ಉರಿಯುತ್ತದೆ. ಆದರೆ ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಗೋಡೆಯಲ್ಲಿರುವ ತಮಿಳು ಶಾಸನಗಳು ಪಡೆ ಬರುವ ಎಷ್ಟೋ ಶತಮಾನ ಮೊದಲಿನವು. ಕನ್ನಡ ಮೇಲಿರಲಿ ಎನ್ನುವುದು ನ್ಯಾಯ, ಉಳಿದದ್ದು ಇರಬಾರದು ಎನ್ನುವುದು ಊರಿನ ನೆನಪನ್ನೇ ಕೆರೆದು ಹಾಕಿದಂತೆ. ತಿದ್ದುಪಡಿಯೂ ಹಾಗೆ ಹೇಳಿಲ್ಲ, ಉಳಿದ ಶೇ. 40ನ್ನು ಮಾಲೀಕನಿಗೇ ಬಿಟ್ಟಿದೆ.

ಪಾಲು ಹಂಚುವ ಈ ಯೋಚನೆ ಕರ್ನಾಟಕದ್ದಷ್ಟೇ ಅಲ್ಲ. ತಮಿಳುನಾಡಿನ ನಿಯಮದಲ್ಲಿ ತಮಿಳು, ಇಂಗ್ಲಿಷ್, ಇತರ ಭಾಷೆಗಳಿಗೆ 5:3:2ರ ಪ್ರಮಾಣ. ಮುಂಬೈಯ ವ್ಯಾಪಾರಿಗಳು ಮರಾಠಿ ಬೋರ್ಡಿನ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದಾಗ, 2023ರ ಸೆಪ್ಟೆಂಬರಿನಲ್ಲಿ ಕೋರ್ಟು ಎರಡು ತಿಂಗಳೊಳಗೆ ಬೋರ್ಡು ಹಾಕಿ ಎಂದು ಕಳಿಸಿತು. ಮಹಾರಾಷ್ಟ್ರದ ನಿಯಮದಲ್ಲಿ ಗಮನಿಸಬೇಕಾದ ಒಂದು ಮಾತಿದೆ: ಮರಾಠಿಯ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. ಅಲ್ಲಿ ಜಾಗಕ್ಕಿಂತ ಅಕ್ಷರದ ಗಾತ್ರ ಮುಖ್ಯ. ಕೆನಡಾದ ಕ್ಯುಬೆಕ್ ಪ್ರಾಂತ್ಯದ್ದು ಎಲ್ಲರಿಗಿಂತ ಉದ್ದದ ಹೋರಾಟ. 1977ರ ಕಾನೂನು ಬೋರ್ಡಿನಲ್ಲಿ ಫ್ರೆಂಚ್ ಬಿಟ್ಟು ಬೇರೇನೂ ಬೇಡ ಎಂದಿತ್ತು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. 1993ರಲ್ಲಿ ಫ್ರೆಂಚ್ ‘ಎದ್ದು ಕಾಣುವಂತಿದ್ದರೆ ಸಾಕು’ ಎಂದಾಯಿತು. 2025ರ ಜೂನ್ 1ರಿಂದ ಫ್ರೆಂಚಿಗೆ ಬೇರೆ ಭಾಷೆಯ ಎರಡರಷ್ಟು ಜಾಗ ಬೇಕು. ಆದರೆ ಫ್ರೆಂಚ್ ಮತ್ತು ಇಂಗ್ಲಿಷ್ ಎರಡಕ್ಕೂ ಲಿಪಿ ಒಂದೇ, ಅಲ್ಲಿ ಚದರಡಿಯ ಲೆಕ್ಕ ನ್ಯಾಯವಾಗಿಯೇ ನಡೆಯುತ್ತದೆ. ಎರಡಂತಸ್ತಿನ ಲಿಪಿಯನ್ನೂ ಒಂದಂತಸ್ತಿನ ಲಿಪಿಯನ್ನೂ ಒಂದೇ ಟೇಪಿನಿಂದ ಅಳೆಯುವ ತಾಪತ್ರಯ ಮಾಂಟ್ರಿಯಲ್‌ಗೆ ಇಲ್ಲ, ಹಲಸೂರಿಗೆ ಇದೆ.

ಹೀಗಾಗಿ ಕರ್ನಾಟಕ ಅಳೆಯಬೇಕಾದದ್ದು ಚದರಡಿಯನ್ನಲ್ಲ, ಒತ್ತು ಗುಡಿಸು ಬಿಟ್ಟ ಮೂಲ ಅಕ್ಷರದ ಎತ್ತರವನ್ನು. ‘ಕ’ ಎಷ್ಟು ಎತ್ತರ, ಇಂಗ್ಲಿಷಿನ ದೊಡ್ಡಕ್ಷರ ಎಷ್ಟು ಎತ್ತರ ಎಂದು ನೋಡಿದರೆ ಸಾಕು, ಒತ್ತಿಗೆ ಬೇಕಾದ ಜಾಗ ತಾನಾಗಿ ಬರುತ್ತದೆ. ಟೇಪು ಅದೇ, ಹಿಡಿಯುವ ಜಾಗ ಬೇರೆ.

ಕನ್ನಡದಲ್ಲಿ ಅಕ್ಷರ ವಿನ್ಯಾಸಕ್ಕೆ ಬಡತನವಿದೆಯೇ? ಸಿನಿಮಾ ಪೋಸ್ಟರ್ ನೋಡಿದವರು ಹಾಗೆನ್ನಲಾರರು. ಕನ್ನಡ ಚಿತ್ರರಂಗ ಎಷ್ಟೇ ಸೊರಗಿದ ವರ್ಷದಲ್ಲೂ ಒಂದೊಂದು ಚಿತ್ರಕ್ಕೂ ಒಂದೊಂದು ಅಕ್ಷರ ಬರೆಸುತ್ತದೆ. ‘ಕಾಂತಾರ’ದ ಶೀರ್ಷಿಕೆಯನ್ನು ಓದದೆಯೇ ಆಕಾರದಿಂದ ಗುರುತಿಸುವವರಿದ್ದಾರೆ. ಪುಸ್ತಕದ ಮುಖಪುಟಗಳಲ್ಲಿ ಕಲಾವಿದ ಅಪಾರ ಬರೆದ ಅಕ್ಷರಗಳಿಗೆ ಅವರದೇ ಓದುಗರುಂಟು. ಪತ್ರಿಕೆಗಳ ತಲೆಬರಹಗಳು, ಹಾಲಿನ ಪೊಟ್ಟಣದ ‘ನಂದಿನಿ’ ಯಾವುದಾದರೂ ಆಗಲಿ, ಕನ್ನಡಿಗರ ಕಣ್ಣಿಗೆ ಅಚ್ಚೊತ್ತಿರುವುದು ಕನ್ನಡದಲ್ಲೇ ಹುಟ್ಟಿದ ಅಕ್ಷರರೂಪ. ಎರಡು ವಾರ ಓಡುವ ಚಿತ್ರಕ್ಕೆ ಹೊಸ ಅಕ್ಷರ ಬರೆಸಲು ಆಗುತ್ತದಾದರೆ ಇಪ್ಪತ್ತು ವರ್ಷ ನಡೆಸಬೇಕೆಂದಿರುವ ಹೋಟೆಲಿಗೆ ಯಾಕಾಗದು? ನೂರಡಿ ರಸ್ತೆಯಲ್ಲಿ ಒಂದು ಬಾಗಿಲಿಗೆ, ಒಂದು ದೀಪಕ್ಕೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ಕನ್ನಡ ಬರಹ ಬರುತ್ತದೆ.

ಬರೆಸುವ ಶಕ್ತಿ ಇಲ್ಲದ ಸಣ್ಣ ಅಂಗಡಿಗೂ ದಾರಿಯಿದೆ, ಅದೂ ಬಿಟ್ಟಿ. ಮುಂಬೈಯ ಏಕ್ ಟೈಪ್ ತಂಡದ ‘ಬಲೂ ತಮ್ಮ’ ದುಂಡುದುಂಡಗೆ, ಬೇಕರಿಗೋ ಆಟಿಕೆ ಅಂಗಡಿಗೋ ಹೇಳಿ ಮಾಡಿಸಿದ ಹಾಗಿದೆ. ಅವರದೇ ‘ಅನೇಕ್ ಕನ್ನಡ’ದಲ್ಲಿ ಕೂದಲಿನಂಥ ಸಪೂರದಿಂದ ದಿಮ್ಮಿಯಂಥ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಬೇಕಾದ ರೂಪಗಳಿವೆ. ಹಿಸುಕುವ ಅಗತ್ಯವೇ ಇಲ್ಲ, ಇಕ್ಕಟ್ಟಿಗೆಂದೇ ಬರೆದ ಅಕ್ಷರ ಸಿಗುತ್ತದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ‘ಅಕಾಯ ಕನ್ನಡಕ’ದಲ್ಲಿ ಕೈಬರಹದ ಉಬ್ಬುತಗ್ಗು ಉಳಿದಿದೆ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತವಾಗಿ ಸಿಗುವಂಥವು. ಆದರೂ ಸಾಲುಸಾಲು ಅಂಗಡಿಗಳ ಮೇಲೆ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಂದ ‘ತುಂಗಾ’ವೇ ಕೂತಿರುತ್ತದೆ. ಪರದೆಯ ಮೇಲೆ ಸಣ್ಣದಾಗಿ ಓದಲು ಮಾಡಿದ ಸಾಧು ಅಕ್ಷರವನ್ನು ಹತ್ತಡಿಗೆ ಹಿಗ್ಗಿಸಿದರೆ ಅದು ತಾನೇ ಏನು ಮಾಡೀತು?

ಮಾತಿನ ಆಯ್ಕೆಯೂ ವಿನ್ಯಾಸದ ಭಾಗವೇ. ‘ಬೇಕರಿ ಅಂಡ್ ಕಾಂಡಿಮೆಂಟ್ಸ್’, ‘ಫ್ಯಾನ್ಸಿ ಸ್ಟೋರ್’, ‘ಪ್ರಾವಿಷನ್ ಸ್ಟೋರ್ಸ್’ ಇವೆಲ್ಲ ಈಗ ಕನ್ನಡವೇ, ಅವುಗಳ ಮೇಲೆ ಮುನಿಯಬೇಕಿಲ್ಲ. ಬೆಂಗಳೂರು ಅಗತ್ಯ ಬಿದ್ದಾಗ ಹೊಸ ಮಾತು ಹುಟ್ಟಿಸಿದ ಊರು ಕೂಡ. ನಿಂತು ತಿನ್ನುವ ಹೋಟೆಲಿಗೆ ‘ದರ್ಶಿನಿ’ ಎಂಬ ಹೆಸರು ಬಂದದ್ದು 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ. ಇವತ್ತು ಅದು ಒಂದು ಹೋಟೆಲಿನ ಹೆಸರಲ್ಲ, ಒಂದು ಜಾತಿಯ ಹೆಸರು. ‘ಮಿಲಿಟರಿ ಹೋಟೆಲ್’ ಎಂದರೆ ಒಳಗೇನು ಸಿಗುತ್ತದೆ ಎಂದು ಬೇರೆ ಬರೆಯಬೇಕಿಲ್ಲ. ಇಂಥ ಒಂದು ಮಾತು ಬೋರ್ಡಿನಲ್ಲಿ ನಾಲ್ಕು ಸಾಲು ಉಳಿಸುತ್ತದೆ.

ಹೆಸರು ಮೊಟಕು ಮಾಡುವ ವಿಷಯದಲ್ಲಿ ಮಾತ್ರ ಕನ್ನಡಿಗರು ತಮ್ಮದೇ ಜಾಣ್ಮೆಯನ್ನು ಮರೆತರು. ಶ್ರೀ ಲಕ್ಷ್ಮೀ ವೆಂಕಟೇಶ್ವರ ಉದ್ದವಾಯಿತೆಂದು ‘ಎಸ್‌ಎಲ್‌ವಿ’, ಶ್ರೀ ಲಕ್ಷ್ಮೀ ನರಸಿಂಹ ‘ಎಸ್‌ಎಲ್‌ಎನ್’. ದೇವರನ್ನು ಇಂಗ್ಲಿಷಿನಲ್ಲಿ ಮೊಟಕು ಮಾಡಿ, ಕಾಯ್ದೆ ಬಂದ ಮೇಲೆ ಆ ಮೊಟಕನ್ನೇ ಕನ್ನಡ ಲಿಪಿಯಲ್ಲಿ ಬರೆದು ತಲೆಯ ಮೇಲೆ ಇಟ್ಟುಕೊಂಡಿದ್ದಾರೆ. ದ.ರಾ. ಬೇಂದ್ರೆ, ತೀ.ನಂ.ಶ್ರೀ. ಎಂದು ಕನ್ನಡದ ಅಕ್ಷರಗಳಲ್ಲೇ ಹೆಸರು ಮೊಟಕು ಮಾಡಿದ ಪರಂಪರೆ ಇರುವ ಭಾಷೆಯಲ್ಲಿ ‘ಶ್ರೀಲವೆಂ’ ಎಂಬ ಒಂದೇ ಒಂದು ತಿಂಡಿ ಅಂಗಡಿ ಇಲ್ಲವೆಂದರೆ ಬೇಜಾರು. ನೋಡಲೂ ಚೆಂದ, ಮೂರೇ ಅಕ್ಷರ!

ಇಂದಿರಾನಗರದಲ್ಲಿ ಇನ್ನೊಂದು ಬಗೆಯ ಬೋರ್ಡು ಸದ್ದಿಲ್ಲದೆ ಮಾಯವಾಗುತ್ತಿದೆ: ಮನೆಯ ಹೆಸರು. ವಸತಿಗೆಂದು ಮಾಡಿದ ಬಡಾವಣೆ ಅದು. ಗೇಟಿನ ಕಂಬದಲ್ಲಿ ಗ್ರಾನೈಟ್ ಮೇಲೆ ಕೊರೆದ, ಹಿತ್ತಾಳೆಯಲ್ಲಿ ಎರಕ ಹೊಯ್ದ ಹೆಸರುಗಳಿರುತ್ತಿದ್ದವು. ಅಮ್ಮನ ಹೆಸರು, ಊರ ದೇವರ ಹೆಸರು, ಓದಿ ಮೆಚ್ಚಿದ ಕಾದಂಬರಿಯ ಹೆಸರು. ಕುವೆಂಪು ಮೈಸೂರಿನ ತಮ್ಮ ಮನೆಗೆ ‘ಉದಯರವಿ’ ಎಂದೂ ಬೇಂದ್ರೆ ಧಾರವಾಡದಲ್ಲಿ ‘ಶ್ರೀಮಾತಾ’ ಎಂದೂ ಹೆಸರಿಟ್ಟಿದ್ದರು. ನಿವೃತ್ತಿಯ ದುಡ್ಡಿನಲ್ಲಿ ಮನೆ ಕಟ್ಟಿದ ಎಚ್‌ಎಎಲ್ ನೌಕರನೂ ಅದೇ ಪ್ರೀತಿಯಿಂದ ಹೆಸರು ಹುಡುಕುತ್ತಿದ್ದ. ಈಗ ಆ ಮನೆಗಳ ನೆಲಮಹಡಿ ಕಾಫಿ ಅಂಗಡಿ, ಮೇಲೆ ಬಿಯರ್ ಮನೆ. ಕಾಯ್ದೆಯ ಪ್ರಕಾರ ಹೊಸ ಅಂಗಡಿಯ ಬೋರ್ಡಿಗೆ ಶೇ. 60 ಕನ್ನಡ ಬಂತು, ಹಳೆಯ ಕಂಬದ ಶೇ. 100 ಕನ್ನಡ ಗೇಟಿನ ಜೊತೆ ಗುಜರಿಗೆ ಹೋಯಿತು.

ಯಾರ ಅಪ್ಪಣೆಯೂ ಇಲ್ಲದೆ ಕನ್ನಡ ನಳನಳಿಸುತ್ತಿರುವ ಜಾಗ ನೋಡಬೇಕೆಂದರೆ ಟಿನ್ ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ ಆಟೋಗಳ ಹಿಂದೆ ನಿಲ್ಲಬೇಕು. ಅಲ್ಲಿ ನಿಲ್ಲುವುದೊಂದೇ ಗತಿ ಎಂಬುದು ಬೇರೆ ಮಾತು. ಶಂಕರ್‌ನಾಗ್ ‘ಆಟೋ ರಾಜ’ ಆಗಿ ಬಂದದ್ದು 1980ರಲ್ಲಿ, ಆಟೋಗಳ ಬೆನ್ನಿನಿಂದ ಇನ್ನೂ ಇಳಿದಿಲ್ಲ. ಅವನ ಪಕ್ಕ ಆಟೋದವನ ಮಗಳ ಹೆಸರು, ಕೆಳಗೆ ಒಂದು ಬುದ್ಧಿಮಾತೋ ಕುಹಕವೋ, ಅಂಚಿಗೆ ಹಳದಿ ಕೆಂಪು ಪಟ್ಟಿ. ಯಾವುದು ಮೇಲೆ, ಯಾವುದು ಕೆಳಗೆ, ಯಾವ ಬಣ್ಣ, ಎಲ್ಲ ಆಟೋದವನದೇ ತೀರ್ಮಾನ. ಅಲ್ಲಿ ಒತ್ತಿಗೆ ಜಾಗ ಸಾಲದೆಂಬ ದೂರೇ ಇಲ್ಲ, ಯಾಕೆಂದರೆ ಅಲ್ಲಿ ಮೊದಲು ಬಂದದ್ದು ಕನ್ನಡ, ಉಳಿದದ್ದು ಆಮೇಲೆ.

ಸಿಗ್ನಲ್ ದಾಟಿ ಕೆ.ಆರ್. ಪುರ, ಬಟ್ಟರಹಳ್ಳಿಯತ್ತ ಹೋದರೆ ಪರಿಸ್ಥಿತಿ ತಲೆಕೆಳಗು. ಹಳ್ಳಿಗಳು ನಗರವಾಗುವ ಅವಸರದಲ್ಲಿ ಬೋರ್ಡು ಬರುವುದು ಅಂಗಡಿಗೂ ಮೊದಲು, ಅದೂ ರೆಡಿಮೇಡು. ಫೋನ್ ಕಂಪನಿ, ಬಣ್ಣದ ಕಂಪನಿ, ತಂಪು ಪಾನೀಯದ ಕಂಪನಿ ಬಿಟ್ಟಿ ಬೋರ್ಡು ಕೊಡುತ್ತವೆ. ಮುಕ್ಕಾಲು ಭಾಗ ಅವರ ಜಾಹೀರಾತು, ಮೂಲೆಯಲ್ಲಿ ಅಂಗಡಿಯ ಹೆಸರು. ಮಾಲೀಕನಿಗೆ ಅದು ಉಳಿತಾಯ. ಹೊಸ ಅಂಗಡಿಯವನ ಕೈ ಎಷ್ಟು ಬಿಗಿ ಎಂದು ಗೊತ್ತಿದ್ದವರು ಅವನನ್ನು ದೂರಲಾರರು. ಆದರೆ ನಾಲ್ಕು ಅಂಗಡಿ ಸಾಲಾಗಿ ಒಂದೇ ಬಣ್ಣದಲ್ಲಿ ನಿಂತಾಗ ‘ಆ ನೀಲಿ ಬೋರ್ಡಿನ ಅಂಗಡಿ’ ಎಂದು ಗುರುತು ಹೇಳುವುದೇ ಕಷ್ಟ. ಕಂಪನಿಯ ಗುರುತು ಉಳಿಯಿತು, ಅಂಗಡಿಯದು ಹೋಯಿತು.

ಬ್ರೆಜಿಲಿನ ಸಾವೊ ಪಾಲೊ ನಗರ 2007ರಲ್ಲಿ ಹೊರಾಂಗಣ ಜಾಹೀರಾತನ್ನೇ ನಿಷೇಧಿಸಿ, ಹತ್ತು ಮೀಟರಿಗಿಂತ ಕಿರಿದಾದ ಮುಂಭಾಗಕ್ಕೆ ಒಂದೂವರೆ ಚದರ ಮೀಟರಿನ ಬೋರ್ಡು ಸಾಕು ಎಂದು ಕಟ್ಟುಮಾಡಿತು. ಬೆಂಗಳೂರು 2018ರ ಆಗಸ್ಟಿನಲ್ಲಿ ಹೈಕೋರ್ಟಿನ ಚಾಟಿಯೇಟು ತಿಂದ ಮೇಲೆ ಫ್ಲೆಕ್ಸುಗಳನ್ನು ಲಾರಿಗಟ್ಟಲೆ ಇಳಿಸಿತು. ಕೆಲವು ದಿನ ಊರಿನ ಮುಖ ಕಂಡಿತು. ಆಮೇಲೆ ಹುಟ್ಟುಹಬ್ಬದ ಶುಭಾಶಯಗಳು ಒಂದೊಂದಾಗಿ ವಾಪಸು ಬಂದವು. ಸಾವೊ ಪಾಲೊದಷ್ಟು ಕಟ್ಟುನಿಟ್ಟು ಶಿವಾಜಿನಗರಕ್ಕೆ ಬೇಡ. ಅಲ್ಲಿನ ಗಿಜಿಗಿಜಿಯೇ ಅಲ್ಲಿನ ಚೆಲುವು, ಅದನ್ನು ತೊಳೆದು ಬಿಳಿ ಮಾಡಿದರೆ ಅದು ಶಿವಾಜಿನಗರವಾಗಿ ಉಳಿಯುವುದಿಲ್ಲ.

2025ರ ಸೆಪ್ಟೆಂಬರಿನಿಂದ ನಗರಕ್ಕೆ ಐದು ಪಾಲಿಕೆಗಳು. ಶಿವಾಜಿನಗರ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿವೆ. ಹೇಗೂ ಕಚೇರಿಗಳ ಬೋರ್ಡು ಹೊಸದಾಗಿ ಬರೆಸಲೇಬೇಕು, ಅಲ್ಲಿಂದಲೇ ಶುರು ಮಾಡಬಹುದಿತ್ತು, ಈಗಲೂ ಮಾಡಬಹುದು. ಪರವಾನಗಿ ಕೊಡುವ ಮೇಜಿನಲ್ಲಿ ಬೋರ್ಡಿನ ಕರಡನ್ನು ಒಮ್ಮೆ ಓದಿ ಕಾಗುಣಿತ ತಿದ್ದುವ ಒಬ್ಬ ಮನುಷ್ಯ ಸಾಕು, ಮುಕ್ಕಾಲು ಅವಾಂತರ ಅಲ್ಲೇ ನಿಲ್ಲುತ್ತದೆ. ಒಳ್ಳೆಯ ಹತ್ತು ಮುಕ್ತ ಫಾಂಟುಗಳನ್ನೂ, ಮೂರಡಿ ಹತ್ತಡಿಯ ಹಲಗೆಯಲ್ಲಿ ಎರಡು ಭಾಷೆ ಹೇಗೆ ಕೂರಿಸಬಹುದೆಂಬ ನಾಲ್ಕಾರು ಮಾದರಿಗಳನ್ನೂ ಫ್ಲೆಕ್ಸ್ ಅಂಗಡಿಗಳಿಗೆ ಹಂಚಲು ಕೋಟಿಗಳ ಟೆಂಡರು ಬೇಕಿಲ್ಲ. ಕೈಯಲ್ಲಿ ಬರೆಸಿದ ಬೋರ್ಡಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರೆ ಉಳಿದಿರುವ ನಾಲ್ಕು ಪೇಂಟರ್‌ಗಳ ಮನೆಯಲ್ಲಿ ಒಲೆ ಉರಿದೀತು. ದೆಹಲಿಯಲ್ಲಿ ಹನೀಫ್ ಖುರೇಶಿ ಬೀದಿ ಪೇಂಟರ್‌ಗಳ ಅಕ್ಷರಗಳನ್ನು ಅವರವರ ಹೆಸರಿನಲ್ಲೇ ಫಾಂಟುಗಳಾಗಿಸಿ ಉಳಿಸುವ ಕೆಲಸಕ್ಕೆ ಕೈಹಾಕಿದ್ದರು. ದಂಡಿನ ಪೇಂಟರ್‌ಗಳ ಕನ್ನಡಕ್ಕೂ ಅಂಥದ್ದೊಂದು ಬೇಕು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಿಂದ ಶಿವಾಜಿನಗರ ದೂರವೇನಲ್ಲ, ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದು ಬಂದರೆ ಒಂದು ಮಧ್ಯಾಹ್ನದ ಕೆಲಸ.

ಸಣ್ಣ ವ್ಯಾಪಾರಿಗೆ ಮತ್ತೆ ಖರ್ಚೇ ಎಂದು ಯಾರಾದರೂ ಕೇಳಿದರೆ ಕೇಳುವುದು ಸರಿಯೇ. 2014ರ ನವೆಂಬರ್ 1ಕ್ಕೆ ‘ಬ್ಯಾಂಗಲೂರ್’ ಅಧಿಕೃತವಾಗಿ ‘ಬೆಂಗಳೂರು’ ಆದಾಗ ಒಮ್ಮೆ, ಶೇ. 60 ಬಂದಾಗ ಮತ್ತೊಮ್ಮೆ, ಹೀಗೆ ಅವನು ಬರೆಸುತ್ತಲೇ ಇದ್ದಾನೆ. ಹಾಗಾಗಿ ಹಾಕಿದ್ದನ್ನು ಕೀಳಿಸಬೇಕಿಲ್ಲ. ಫ್ಲೆಕ್ಸಿನ ಆಯುಸ್ಸೇ ಎರಡು ಮೂರು ಮಳೆಗಾಲ. ಬಣ್ಣ ಬಿಳಿಚಿ, ಅಂಚು ಕಿತ್ತು ಬರುವ ಹೊತ್ತಿಗೆ ಅವನು ಹೇಗೂ ಇನ್ನೊಂದು ಹಾಕಿಸುತ್ತಾನೆ. ಹೊಸ ನಿಯಮವೋ ಮಾದರಿಯೋ ಆ ಹೊತ್ತಿಗೆ ಕೈಗೆ ಸಿಕ್ಕಿದರೆ ಸಾಕು.

ಹಲಸೂರಿನ ಬಜಾರಿನ ಹಳೆಯ ಕಟ್ಟಡಗಳಲ್ಲಿ ಹಾಗೆ ಬೋರ್ಡು ಬದಲಾಯಿಸುವ ದಿನ ನಿಂತು ನೋಡಬೇಕು. ಕಬ್ಬಿಣದ ಚೌಕಟ್ಟು ಇಳಿಯುತ್ತದೆ, ಒಳಗಿಂದ ಪಾರಿವಾಳದ ಗೂಡು, ಧೂಳು, ತುಕ್ಕು ಹಿಡಿದ ಮೊಳೆ ಉದುರುತ್ತವೆ. ಕೆಲವು ಕಡೆ ಅದರ ಹಿಂದೆ ಗೋಡೆಯ ಮೇಲೇ ಬರೆದ ಹಳೆಯ ಹೆಸರು ಕಾಣುತ್ತದೆ: ಬಿಸಿಲು ತಾಗದೆ ಉಳಿದ ನೀಲಿ, ಕೆಂಪು ಶೇಡು, ಉದ್ದಕ್ಕೂ ಸಮವಾಗಿ ಇಳಿದ ಒತ್ತುಗಳು, ಮೂಲೆಯಲ್ಲಿ ಅರ್ಧ ಅಳಿಸಿದ ‘ಆರ್ಟ್ಸ್’. ಏಣಿ ಮೇಲಿದ್ದವನು ಹೊಸ ಚೌಕಟ್ಟಿಗೆ ಅಳತೆ ಹಿಡಿಯುತ್ತಾನೆ. ಹಳೆಯ ಮೊಳೆಯ ತೂತುಗಳು ಸರಿಹೊಂದದಿದ್ದರೆ ಅಕ್ಷರದ ನಡುವೆಯೇ ಡ್ರಿಲ್ ಇಡುತ್ತಾನೆ.